ಸ್ಮಾರ್ಟ್‌ವಾಚ್ ತೋರಿಸುವ ಸಮಯ, ಜಾಹೀರಾತು ಕೊಡುವ ಮಾತು

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಂಘಟಕರು ನನ್ನ ಮುಂದೆ ಎರಡು ಪ್ರಶ್ನೆ ಇಟ್ಟಿದ್ದರು. ಸ್ಮಾರ್ಟ್‌ವಾಚ್ ಸರಿಯಾದ ಸಮಯ ತೋರಿಸುತ್ತದೆಯೇ ಎನ್ನುವುದು ಒಂದು. ಅದರ ಜಾಹೀರಾತಿನಲ್ಲಿ ಹೇಳಿದ್ದೆಲ್ಲ ನಿಜವೇ ಎನ್ನುವುದು ಇನ್ನೊಂದು. ಯೋಚಿಸುತ್ತಾ ಹೋದಂತೆ ಎರಡಕ್ಕೂ ಉತ್ತರ ಒಂದೇ ಜಾಗದಲ್ಲಿ ಸಿಗುತ್ತದೆ ಎಂದು ನನಗೆ ಮನದಟ್ಟಾಯಿತು. ತಪ್ಪಿದಾಗ ತಿದ್ದುವವರು ಎಲ್ಲಿ ಇದ್ದಾರೋ ಅಲ್ಲಿ ಈ ವಾಚನ್ನು ನಂಬಬಹುದು. ತಿದ್ದುವವರೇ ಇಲ್ಲದ ಕಡೆ ಅದು ತೋರಿಸುವ ಅಂಕಿ ಬರೀ ಅಂದಾಜು. ಸಮಯ ಮೊದಲ ಗುಂಪಿಗೆ ಸೇರಿದ್ದು. ಕ್ಯಾಲೊರಿ, ನಿದ್ದೆ, ಮಾನಸಿಕ ಒತ್ತಡ ಎರಡನೆಯದಕ್ಕೆ. ಜಾಹೀರಾತುಗಳು ಹೆಚ್ಚು ಜೋರಾಗಿ ಹೇಳುವುದು ಎರಡನೆಯ ಗುಂಪಿನ ಸಂಗತಿಗಳನ್ನೇ. ನನ್ನ ತಕರಾರು ಇರುವುದೂ ಅಲ್ಲಿಯೇ.

ಸಮಯದಿಂದ ಶುರು ಮಾಡೋಣ. ದುಬಾರಿ ಸ್ಮಾರ್ಟ್‌ವಾಚ್ ಆಗಲಿ, ಸಾದಾ ಬ್ಯಾಟರಿ ವಾಚಾಗಲಿ, ಒಳಗೆ ಕ್ಷಣಗಳನ್ನು ಎಣಿಸುವುದು ಒಂದೇ ಬಗೆಯ ವಸ್ತು: ಕವೆಯ ಆಕಾರಕ್ಕೆ ಕತ್ತರಿಸಿದ ಕ್ವಾರ್ಟ್ಜ್ ಹರಳಿನ ಒಂದು ಚೂರು. ವಿದ್ಯುತ್ ಹರಿಸಿದರೆ ಅದು ಸೆಕೆಂಡಿಗೆ 32,768 ಸಲ ನಡುಗುತ್ತದೆ. ಈ ಸಂಖ್ಯೆಯನ್ನು ಬೇಕೆಂದೇ ಆರಿಸಿದ್ದಾರೆ. ಇದು ಎರಡರ ಹದಿನೈದನೇ ಘಾತ. ಬಂದದ್ದನ್ನು ಅರ್ಧ ಮಾಡಿ ಮುಂದಕ್ಕೆ ಕಳಿಸುವ ಹದಿನೈದು ಸರಳ ಸರ್ಕ್ಯೂಟುಗಳನ್ನು ಸಾಲಾಗಿ ಜೋಡಿಸಿದರೆ ಕೊನೆಯಲ್ಲಿ ಸೆಕೆಂಡಿಗೆ ಒಂದೇ ಮಿಡಿತ ಉಳಿಯುತ್ತದೆ. 1927ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ವಾರನ್ ಮ್ಯಾರಿಸನ್ ಮತ್ತು ಹಾರ್ಟನ್ ಮೊದಲ ಕ್ವಾರ್ಟ್ಜ್ ಗಡಿಯಾರ ಕಟ್ಟಿದರು. ಅದು ಕೈಗೆ ಕಟ್ಟುವಷ್ಟು ಚಿಕ್ಕದಾಗಿ ಅಂಗಡಿಗೆ ಬಂದದ್ದು 1969ರ ಡಿಸೆಂಬರ್ 25ರಂದು, ಸೈಕೊ ಕಂಪನಿಯ ಕ್ವಾರ್ಟ್ಜ್ ಆಸ್ಟ್ರಾನ್ ಆಗಿ. ತಿಂಗಳಿಗೆ ಐದು ಸೆಕೆಂಡಿಗಿಂತ ಹೆಚ್ಚು ಆಚೀಚೆ ಆಗದು ಎಂಬುದು ಅದರ ಭರವಸೆಯಾಗಿತ್ತು. ಆ ಕಾಲಕ್ಕೆ ಇದೆಂಥ ಮಾತು ಎಂದು ತಿಳಿಯಲು ಒಂದು ಹೋಲಿಕೆ ಸಾಕು. ಕೀಲಿ ಕೊಡುವ ಅತ್ಯುತ್ತಮ ವಾಚುಗಳಿಗೆ ಸ್ವಿಟ್ಜರ್‌ಲ್ಯಾಂಡಿನ ಕ್ರೊನೋಮೀಟರ್ ಪರೀಕ್ಷಾ ಸಂಸ್ಥೆ ಕೊಡುವ ಪ್ರಮಾಣಪತ್ರ ಇವತ್ತಿಗೂ ದಿನಕ್ಕೆ 4 ಸೆಕೆಂಡು ಹಿಂದೆ ಬೀಳುವುದನ್ನು, 6 ಸೆಕೆಂಡು ಮುಂದೆ ಓಡುವುದನ್ನು ಒಪ್ಪುತ್ತದೆ. ಒಂದರ ಲೆಕ್ಕ ತಿಂಗಳಿಗೆ, ಇನ್ನೊಂದರದು ದಿನಕ್ಕೆ.

ಆದರೂ ಹರಳು ತಪ್ಪುತ್ತದೆ. ಸಾಮಾನ್ಯವಾಗಿ ಬಳಸುವ ಹರಳುಗಳಿಗೆ ತಯಾರಕರು ಕೊಡುವ ಭರವಸೆ ಹತ್ತು ಲಕ್ಷಕ್ಕೆ 20 ಪಾಲು. ದಿನಕ್ಕೆ 86,400 ಸೆಕೆಂಡು, ಅಂದಮೇಲೆ ದಿನದ ತಪ್ಪು 1.7 ಸೆಕೆಂಡಿನವರೆಗೆ, ತಿಂಗಳಿಗೆ ಸುಮಾರು 52 ಸೆಕೆಂಡಿನವರೆಗೆ ಹೋಗಬಹುದು. ಕಾರ್ಖಾನೆಯಲ್ಲಿ ಪ್ರತಿ ಹರಳನ್ನೂ ಅಳೆದು ಸರಿಪಡಿಸಿದರೆ ಇದು ಇಳಿಯುತ್ತದೆ. ಒಳ್ಳೆಯ ಸಾದಾ ಕ್ವಾರ್ಟ್ಜ್ ವಾಚು ತಿಂಗಳಿಗೆ 15 ಸೆಕೆಂಡಿನ ಒಳಗೆ ಇರುತ್ತದೆ.

ಇದರ ಮೇಲೆ ಬಿಸಿ, ಚಳಿಯ ಪ್ರಭಾವ ಬೇರೆ. ಕವೆ ಆಕಾರದ ಹರಳು ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ತನ್ನ ಅತಿ ವೇಗದಲ್ಲಿ ಕಂಪಿಸುತ್ತದೆ. ಅದಕ್ಕಿಂತ ಬಿಸಿಯಾದರೂ ನಿಧಾನ, ತಣ್ಣಗಾದರೂ ನಿಧಾನ. 20 ಡಿಗ್ರಿ ವ್ಯತ್ಯಾಸವಾದರೆ ದಿನಕ್ಕೆ ಸುಮಾರು 1.2 ಸೆಕೆಂಡು ಹಿಂದೆ ಬೀಳುತ್ತದೆ. ಹಾಗಾಗಿ ಕೈಗೆ ಕಟ್ಟಿದ ವಾಚಿಗೂ ಮೇಜಿನ ಮೇಲೆ ಬಿಟ್ಟ ಅದೇ ವಾಚಿಗೂ ನಡೆ ಬೇರೆ. ಮೈಯ ಶಾಖ ಹರಳನ್ನು ಹೆಚ್ಚುಕಡಿಮೆ ಒಂದೇ ಹದದಲ್ಲಿ ಇಟ್ಟಿರುತ್ತದೆ. ತಾಪಮಾನವನ್ನು ಅಳೆದು ಲೆಕ್ಕ ತಿದ್ದಿಕೊಳ್ಳುವ ವಾಚುಗಳೂ ಇವೆ. 2019ರಲ್ಲಿ ಬಂದ ಸಿಟಿಜನ್ ಕ್ಯಾಲಿಬರ್ 0100 ಯಾರನ್ನೂ ಕೇಳದೆ, ಯಾವ ಸಂಕೇತವನ್ನೂ ಪಡೆಯದೆ, ವರ್ಷಕ್ಕೆ ಒಂದು ಸೆಕೆಂಡಿನ ಒಳಗೆ ಇರುವುದಾಗಿ ಹೇಳಿಕೊಂಡ ವಾಚು. ತನ್ನ ಕಾಲ ಮೇಲೆ ತಾನೇ ನಿಂತು ಸಮಯ ಕಾಯುವ ಕೈಗಡಿಯಾರಗಳ ಪೈಕಿ ಅದನ್ನು ಮೀರಿಸಿದ್ದು ನನ್ನ ಗಮನಕ್ಕೆ ಬಂದಿಲ್ಲ.

ಸ್ಮಾರ್ಟ್‌ವಾಚ್ ಆ ಜಾತಿಯದಲ್ಲ. ಹೊರಗಿನ ಸಂಪರ್ಕವನ್ನೆಲ್ಲ ಕತ್ತರಿಸಿ ಬಿಟ್ಟರೆ ಅದು ಒಂದು ಸಾಮಾನ್ಯ ಕ್ವಾರ್ಟ್ಜ್ ವಾಚು, ಅಷ್ಟೇ. ಅದರ ಹೆಚ್ಚುಗಾರಿಕೆ ಇರುವುದು ಕೇಳಿ ತಿಳಿಯುವುದರಲ್ಲಿ. ಎಷ್ಟೇ ಒಳ್ಳೆಯ ಕಂಠವಿದ್ದರೂ ಹಾಡುಗಾರ ತಂಬೂರಿಯ ಶ್ರುತಿಗೆ ಕಿವಿಗೊಟ್ಟೇ ಹಾಡುತ್ತಾನಲ್ಲ, ಹಾಗೆ. ಸ್ವರ ಕೂದಲೆಳೆಯಷ್ಟು ಜಾರಿದರೂ ಶ್ರುತಿ ಅದನ್ನು ವಾಪಸು ಎಳೆಯುತ್ತದೆ. ತಂಬೂರಿ ನಿಂತ ಮೇಲೂ ಸ್ವಲ್ಪ ಹೊತ್ತು ಹಾಡು ಸರಿಯಾಗಿಯೇ ಇರುತ್ತದೆ. ಎಷ್ಟು ಹೊತ್ತು ಎನ್ನುವುದು ಕಂಠದ ಮೇಲೆ ಹೋಗುತ್ತದೆ.

ಶ್ರುತಿ ಕೊಡುವವರು ಯಾರು? ಮೂಲದಲ್ಲಿ ಇರುವುದು ಸೀಸಿಯಂ ಪರಮಾಣು. 1955ರಲ್ಲಿ ಇಂಗ್ಲೆಂಡಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ ಲೂಯಿಸ್ ಎಸೆನ್ ಮತ್ತು ಜ್ಯಾಕ್ ಪ್ಯಾರಿ ಕೆಲಸಕ್ಕೆ ಬರುವಂಥ ಮೊದಲ ಸೀಸಿಯಂ ಗಡಿಯಾರ ನಡೆಸಿದರು. 1967ರಿಂದ ಸೆಕೆಂಡು ಎಂದರೆ ಸೀಸಿಯಂ ಪರಮಾಣುವಿನ ಒಂದು ನಿರ್ದಿಷ್ಟ ವಿಕಿರಣದ 919,26,31,770 ಕಂಪನಗಳ ಅವಧಿ ಎಂದು ಜಗತ್ತು ಒಪ್ಪಿಕೊಂಡಿದೆ. ಹಲವು ದೇಶಗಳ ಪ್ರಯೋಗಾಲಯಗಳಲ್ಲಿರುವ ಪರಮಾಣು ಗಡಿಯಾರಗಳನ್ನು ಒಟ್ಟುಹಾಕಿ ಲೆಕ್ಕಹಾಕುವ ಸಮಯವೇ ಯುಟಿಸಿ. ಅಲ್ಲಿಂದ ಅದು ಉಪಗ್ರಹಗಳಿಗೆ, ಸರ್ವರ್‌ಗಳಿಗೆ, ಸರ್ವರ್‌ನಿಂದ ನಿಮ್ಮ ಫೋನಿಗೆ, ಫೋನಿನಿಂದ ಬ್ಲೂಟೂತ್ ಮೂಲಕ ಮಣಿಕಟ್ಟಿಗೆ ಇಳಿಯುತ್ತದೆ. ಎಷ್ಟು ಮೆಟ್ಟಿಲಿವೆಯೋ ಅಷ್ಟು ಕಡೆ ಸೋರಿಕೆಗೆ ಅವಕಾಶ.

ಇಂಟರ್ನೆಟ್ ಮೆಟ್ಟಿಲನ್ನು ಕೊಂಚ ನಿಧಾನವಾಗಿ ನೋಡಬೇಕು, ಯಾಕೆಂದರೆ ಇದು ಅಷ್ಟು ಚೆಂದದ ಯುಕ್ತಿ. ಸರ್ವರ್ ಒಂದನ್ನು ‘ಈಗ ಎಷ್ಟು ಗಂಟೆ’ ಎಂದು ಕೇಳಿದಿರಿ. ಉತ್ತರ ಬರುವ ಹೊತ್ತಿಗೆ ಅದು ಹಳೆಯದಾಗಿರುತ್ತದೆ. ಎಷ್ಟು ಹಳೆಯದು? ಡೆಲವೇರ್ ವಿಶ್ವವಿದ್ಯಾಲಯದಲ್ಲಿ ದೀರ್ಘ ಕಾಲ ಕೆಲಸ ಮಾಡಿದ ಡೇವಿಡ್ ಮಿಲ್ಸ್ ಇದಕ್ಕೆ ರೂಪಿಸಿದ ವಿಧಾನ 1985ರಲ್ಲಿ ಎನ್‌ಟಿಪಿ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ನಾಲ್ಕು ಸಮಯಗಳನ್ನು ಗುರುತು ಹಾಕಿಕೊಳ್ಳುತ್ತಾರೆ: ಪ್ರಶ್ನೆ ನಮ್ಮಿಂದ ಹೊರಟದ್ದು, ಅವರಿಗೆ ಸೇರಿದ್ದು, ಉತ್ತರ ಅವರಿಂದ ಹೊರಟದ್ದು, ನಮಗೆ ಸೇರಿದ್ದು. ಇವುಗಳಿಂದ ಹೋಗಿ ಬರುವ ಒಟ್ಟು ಹೊತ್ತು ಸಿಗುತ್ತದೆ. ಹೋಗಲು ಹಿಡಿದಷ್ಟೇ ಹೊತ್ತು ಬರಲೂ ಹಿಡಿಯಿತು ಎಂದು ಭಾವಿಸಿ, ಅರ್ಧ ಹೊತ್ತನ್ನು ಕೂಡಿಸಿಕೊಂಡರೆ ನಮ್ಮ ಗಡಿಯಾರ ಸರಿಯಾಗುತ್ತದೆ. ಈ ಭಾವನೆ ಸುಳ್ಳಾದಾಗ ಮಾತ್ರ ಎಡವಟ್ಟು. ಒಟ್ಟು 80 ಮಿಲಿಸೆಕೆಂಡು ಹಿಡಿದು, ಅದೆಲ್ಲ ಒಂದೇ ದಿಕ್ಕಿನಲ್ಲಿ ಕಳೆದಿದ್ದರೆ, ಲೆಕ್ಕ 40 ಮಿಲಿಸೆಕೆಂಡು ತಪ್ಪುತ್ತದೆ. ಆಗಬಹುದಾದ ತಪ್ಪಿಗೆ ಅದೇ ಗರಿಷ್ಠ ಮಿತಿ. ಮತ್ತೆ ಮತ್ತೆ ಕೇಳಿ, ಬೇಗ ಬಂದ ಉತ್ತರಗಳನ್ನಷ್ಟೇ ಇಟ್ಟುಕೊಂಡರೆ ತಪ್ಪು ಇನ್ನೂ ಕುಗ್ಗುತ್ತದೆ. ಮಿಲ್ಸ್ 2024ರ ಜನವರಿಯಲ್ಲಿ ತೀರಿಕೊಂಡರು. ಈ ಸಭೆಯಲ್ಲಿರುವ ಪ್ರತಿ ಫೋನಿನ ಗಡಿಯಾರದ ಹಿಂದೆಯೂ ಅವರ ಚಿಂತನೆ ಇದೆ. ಅವರ ಹೆಸರು ಹೆಚ್ಚು ಜನರಿಗೆ ಗೊತ್ತಿಲ್ಲ ಎನ್ನುವುದು ನನಗೆ ಬೇಸರದ ಸಂಗತಿ, ಅದಕ್ಕೇ ಹೇಳಿದೆ.

ಈಗ ಜಾಹೀರಾತಿಗೆ ಬರೋಣ. 2014ರಲ್ಲಿ ಆಪಲ್ ತನ್ನ ಮೊದಲ ವಾಚನ್ನು ಪರಿಚಯಿಸಿದಾಗ ಅದು ಯುಟಿಸಿಗೆ 50 ಮಿಲಿಸೆಕೆಂಡಿನ ಒಳಗೆ ಇರುತ್ತದೆ ಎಂದಿತು. ಅಂದರೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಇದು ಬಡಾಯಿಯೇ? ನಾನು ಈಗ ವಿವರಿಸಿದ ಲೆಕ್ಕದ ಪ್ರಕಾರ ಬಡಾಯಿ ಅಲ್ಲ. ಉಪಗ್ರಹದಿಂದ ನೇರವಾಗಿ ಸಮಯ ಪಡೆಯುವ ತನ್ನದೇ ಸರ್ವರ್‌ಗಳನ್ನು ಕಂಪನಿ ಜಗತ್ತಿನ ಬೇರೆ ಬೇರೆ ಕಡೆ ಇಟ್ಟಿದೆ. ಅಲ್ಲಿಂದ ಫೋನಿಗೆ ಬಂದು, ಫೋನಿನಿಂದ ವಾಚಿಗೆ ದಾಟುವಾಗ ಆಗುವ ವಿಳಂಬವನ್ನೂ ಲೆಕ್ಕಕ್ಕೆ ಹಿಡಿದರೆ ಆ ಮಟ್ಟ ಮುಟ್ಟಬಹುದು. ಮನುಷ್ಯನ ಕಣ್ಣಿಗೆ ಬೆಳಕು ಬಿದ್ದು ಬೆರಳು ಅಲ್ಲಾಡಲು ಸುಮಾರು 200 ಮಿಲಿಸೆಕೆಂಡು ಬೇಕು. ನೋಡುವವನಿಗಿಂತ ನೋಡಿಸಿಕೊಳ್ಳುವ ವಸ್ತುವೇ ನಾಲ್ಕು ಪಟ್ಟು ಚುರುಕು ಎಂದಾಯಿತು. ಕೈ ಎತ್ತಿದ್ದನ್ನು ಅರಿತು ಪರದೆ ಬೆಳಗಲು ಹಿಡಿಯುವ ಹೊತ್ತೇ ಇದಕ್ಕಿಂತ ಹೆಚ್ಚು. ಸಮಯದ ಮಟ್ಟಿಗೆ ಈ ಮಾತು ನಿಂತಿತು ಎಂದೇ ನನ್ನ ತೀರ್ಮಾನ.

ಇನ್ನೊಂದು ವಾಸ್ತವ ಇಷ್ಟೇ ಮುಖ್ಯ. ಆ ಮಾತು ಒಂದು ಕಂಪನಿಯ ವಾಚಿನದು. ಅದು ಎಲ್ಲ ಸ್ಮಾರ್ಟ್‌ವಾಚ್‌ಗಳಿಗೂ ಅನ್ವಯಿಸದು. ಸಮಯ ಕಳಿಸಲು ಬ್ಲೂಟೂತ್‌ನಲ್ಲಿ ಒಂದು ಒಪ್ಪಿತ ಕ್ರಮವಿದೆ. ಅದರಲ್ಲಿ ಸೆಕೆಂಡಿನ 256ನೇ ಒಂದು ಭಾಗದವರೆಗೂ ಬರೆದು ಕಳಿಸಲು ಜಾಗವಿದೆ. ಆ ಜಾಗವನ್ನು ತುಂಬುವುದೂ ಬಿಡುವುದೂ ತಯಾರಕರ ಮರ್ಜಿ. ಬರೀ ಪೂರ್ಣ ಸೆಕೆಂಡುಗಳನ್ನು ಕಳಿಸಿದರೆ ಒಂದು ಸೆಕೆಂಡಿನವರೆಗಿನ ತಪ್ಪು ಹುಟ್ಟಿನಿಂದಲೇ ಸೇರಿಕೊಳ್ಳುತ್ತದೆ. ಫೋನಿನ ಆ್ಯಪ್ ತೆರೆದಾಗ ಮಾತ್ರ ಸಮಯ ಹೊಂದಿಸಿಕೊಳ್ಳುವ ಬ್ಯಾಂಡುಗಳೂ ಇವೆ. ಅಂಥದ್ದನ್ನು ಕಟ್ಟಿಕೊಂಡು ಮೂರು ವಾರ ಆ್ಯಪ್ ತೆರೆಯದೆ ಇದ್ದರೆ ನಿಮ್ಮ ಕೈಯಲ್ಲಿರುವುದು ಬರೀ ಹರಳಿನ ಸಮಯ. ಪೆಟ್ಟಿಗೆಯ ಮೇಲೆ ಯಾವ ಕಂಪನಿಯೂ ಇದನ್ನು ಮುದ್ರಿಸುವುದನ್ನು ನಾನು ಕಂಡಿಲ್ಲ. ಮುದ್ರಿಸಬೇಕು. ಸಂಪರ್ಕವಿಲ್ಲದಾಗ ದಿನಕ್ಕೆ ಎಷ್ಟು ತಪ್ಪುತ್ತದೆ ಎಂಬ ಒಂದೇ ಒಂದು ಸಂಖ್ಯೆ ಸಾಕು. ಹಳೆಯ ಕ್ವಾರ್ಟ್ಜ್ ವಾಚಿನ ಕೈಪಿಡಿಗಳಲ್ಲಿ ಅದು ಇರುತ್ತಿತ್ತು.

ಜಿಪಿಎಸ್ ಇರುವ ವಾಚುಗಳ ಕಥೆ ಬೇರೆ. ಅವು ಆಕಾಶದಿಂದಲೇ ಸಮಯ ಪಡೆಯಬಲ್ಲವು. ಉಪಗ್ರಹದ ಗಡಿಯಾರಗಳು ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡು ಮುಂದೆ ಓಡುತ್ತವೆ. ಗುರುತ್ವ ಕಡಿಮೆ ಇರುವ ಎತ್ತರದಲ್ಲಿರುವುದರಿಂದ 45 ಮುಂದೆ, ವೇಗವಾಗಿ ಚಲಿಸುವುದರಿಂದ 7 ಹಿಂದೆ. ಐನ್‌ಸ್ಟೈನರ ಸಾಪೇಕ್ಷತೆಯ ಲೆಕ್ಕ ಇದು. ಈ ವ್ಯತ್ಯಾಸವನ್ನು ಸರಿಪಡಿಸದೆ ಬಿಟ್ಟಿದ್ದರೆ ಸ್ಥಳದ ಲೆಕ್ಕ ಒಂದೇ ದಿನದಲ್ಲಿ ಕಿಲೋಮೀಟರುಗಟ್ಟಲೆ ತಪ್ಪುತ್ತಿತ್ತು. ಇನ್ನೊಂದು ತಿರುವು ಇದೆ. ಭೂಮಿಯ ತಿರುಗುವಿಕೆಗೆ ಹೊಂದಿಸಲು ಯುಟಿಸಿಗೆ ಆಗಾಗ ಅಧಿಕ ಸೆಕೆಂಡು ಸೇರಿಸುತ್ತಿದ್ದರು. 1972ರಿಂದ ಈವರೆಗೆ 27 ಸಲ, ಕೊನೆಯದು 2016ರ ಡಿಸೆಂಬರ್ 31ರಂದು. 1980ರ ಜನವರಿ 6ರಿಂದ ಎಣಿಕೆ ಶುರು ಮಾಡಿದ ಜಿಪಿಎಸ್ ಸಮಯ ಇದಕ್ಕೆ ಕಿವಿಗೊಡುವುದಿಲ್ಲ. ಹಾಗಾಗಿ ಅದು ಯುಟಿಸಿಗಿಂತ 18 ಸೆಕೆಂಡು ಮುಂದಿದೆ. ಎಷ್ಟು ಕಳೆಯಬೇಕೆಂಬ ಮಾಹಿತಿಯನ್ನೂ ಉಪಗ್ರಹವೇ ಕಳಿಸುತ್ತದೆ, ಆದರೆ ಹನ್ನೆರಡೂವರೆ ನಿಮಿಷಕ್ಕೆ ಒಮ್ಮೆ. ಆ ಮಾಹಿತಿಯನ್ನು ಮೊದಲೇ ನೆನಪಿಟ್ಟುಕೊಳ್ಳದ ವಾಚು ಅಷ್ಟು ಹೊತ್ತು ತಪ್ಪು ಸೆಕೆಂಡು ತೋರಿಸಬಹುದು. 2035ರ ಹೊತ್ತಿಗೆ ಅಧಿಕ ಸೆಕೆಂಡಿನ ಪದ್ಧತಿಯನ್ನೇ ನಿಲ್ಲಿಸಬೇಕೆಂದು ತೂಕ ಮತ್ತು ಅಳತೆಗಳ ಮಹಾಸಮ್ಮೇಳನ 2022ರಲ್ಲಿ ನಿರ್ಧರಿಸಿತು. ಗಡಿಯಾರಗಳ ಸಾಫ್ಟ್‌ವೇರ್ ಬರೆಯುವವರು ಆ ಸುದ್ದಿ ಕೇಳಿ ನಿಟ್ಟುಸಿರು ಬಿಟ್ಟಿರಬೇಕು.

ಇಷ್ಟು ಹೊತ್ತು ಮಿಲಿಸೆಕೆಂಡಿನ ಮಾತಾಡಿದೆವು. ನಿತ್ಯದ ಬದುಕಿನಲ್ಲಿ ಸ್ಮಾರ್ಟ್‌ವಾಚ್ ಮಾಡುವ ದೊಡ್ಡ ತಪ್ಪು ಮಿಲಿಸೆಕೆಂಡಿನದಲ್ಲ, ಗಂಟೆಯದು. ಯುಟಿಸಿ ಗೊತ್ತಿದ್ದರೆ ಸಾಲದು, ನೀವಿರುವ ಕಡೆ ಗಂಟೆ ಎಷ್ಟು ಎಂದು ಹೇಳಬೇಕಲ್ಲ. ಅದನ್ನು ತೀರ್ಮಾನಿಸುವುದು ಸರ್ಕಾರಗಳು. ಪ್ರತಿ ಪ್ರದೇಶದ ಕಾಲವಲಯದ ನಿಯಮಗಳ ಒಂದು ದೊಡ್ಡ ಪಟ್ಟಿ ಇದೆ, ಬಹುಪಾಲು ಫೋನು ಮತ್ತು ಕಂಪ್ಯೂಟರ್‌ಗಳು ಅದನ್ನೇ ನೆಚ್ಚಿಕೊಂಡಿವೆ. ಸ್ವಯಂಸೇವಕರು ಅದನ್ನು ದಶಕಗಳಿಂದ ಶ್ರದ್ಧೆಯಿಂದ ನೋಡಿಕೊಂಡು ಬಂದಿದ್ದಾರೆ. ಕೆಲವು ದೇಶಗಳು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಟ್ಟು, ಬೇಸಿಗೆ ಕಳೆದ ಮೇಲೆ ಹಿಂದಕ್ಕೆ ತಿರುಗಿಸುತ್ತವೆ; ಇದಕ್ಕೆ ಬೇಸಿಗೆ ಸಮಯ ಎನ್ನುತ್ತಾರೆ. ಆದರೆ ಸರ್ಕಾರಗಳು ಕೊನೇ ಗಳಿಗೆಯಲ್ಲಿ ನಿಯಮ ಬದಲಿಸುವುದುಂಟು. 2018ರಲ್ಲಿ ಮೊರೊಕ್ಕೊ ತನ್ನ ಗಡಿಯಾರವನ್ನು ಹಿಂದಕ್ಕೆ ತಿರುಗಿಸಬೇಕಿದ್ದ ದಿನ ಹತ್ತಿರ ಬಂದಾಗ, ಕೇವಲ ಒಂದೆರಡು ದಿನ ಮುಂಚೆ, ಬೇಸಿಗೆ ಸಮಯವೇ ಮುಂದುವರಿಯಲಿ ಎಂದಿತು. 2023ರ ಮಾರ್ಚ್‌ನಲ್ಲಿ ಲೆಬನಾನ್ ಸರ್ಕಾರ ಬೇಸಿಗೆ ಸಮಯದ ಆರಂಭವನ್ನು ಕೊನೇ ಗಳಿಗೆಯಲ್ಲಿ ಮುಂದೂಡಿತು. ದೇಶದ ಒಂದು ಪಾಲು ಸಂಸ್ಥೆಗಳು ಒಪ್ಪಿದವು, ಇನ್ನೊಂದು ಪಾಲು ಒಪ್ಪಲಿಲ್ಲ. ಕೆಲವು ದಿನ ಒಂದೇ ದೇಶದಲ್ಲಿ ಎರಡು ಸಮಯ ನಡೆದು, ಕೊನೆಗೆ ಸರ್ಕಾರ ಆದೇಶ ಹಿಂಪಡೆಯಿತು. ಆ ದಿನಗಳಲ್ಲಿ ಅಲ್ಲಿಯ ಫೋನು, ವಾಚುಗಳು ಒಂದು ಗಂಟೆ ಆಚೀಚೆ ತೋರಿಸಿದ್ದರೆ ಹರಳನ್ನು ದೂರುವಂತಿಲ್ಲ, ಉಪಗ್ರಹವನ್ನೂ ದೂರುವಂತಿಲ್ಲ. ಅಷ್ಟು ತಡವಾಗಿ ಬದಲಾದ ನಿಯಮ ಮಣಿಕಟ್ಟಿನವರೆಗೆ ಮುಟ್ಟಲು ಸಾಫ್ಟ್‌ವೇರ್ ಅಪ್‌ಡೇಟ್ ಬೇಕು. ಅಪ್‌ಡೇಟ್ ನಿಂತುಹೋದ ಹಳೆಯ ವಾಚಿಗೆ ಅದು ಬರುವುದೇ ಇಲ್ಲ.

ಓಡುವವರಿಗಾಗಿ ಒಂದು ಮಾತು ಬೇಗ ಹೇಳಿಬಿಡುತ್ತೇನೆ. ಸ್ಟಾಪ್‌ವಾಚನ್ನು ನಂಬಿ. ಹತ್ತು ಲಕ್ಷಕ್ಕೆ 20 ಪಾಲು ತಪ್ಪುವ ಹರಳು ಒಂದು ಗಂಟೆಯಲ್ಲಿ ತಪ್ಪುವುದು 0.07 ಸೆಕೆಂಡು ಮಾತ್ರ. ವೇಗವನ್ನು ಅಷ್ಟಾಗಿ ನಂಬಬೇಡಿ, ಯಾಕೆಂದರೆ ಅದರಲ್ಲಿ ದೂರ ಸೇರಿದೆ. ಮರಗಳ ನಡುವೆ, ಎತ್ತರದ ಕಟ್ಟಡಗಳ ಸಾಲಿನಲ್ಲಿ ಉಪಗ್ರಹದ ಸಂಕೇತ ಪುಟಿದು ಬರುವುದರಿಂದ ದೂರದ ಲೆಕ್ಕ ಮೀಟರುಗಟ್ಟಲೆ ಹೆಚ್ಚುಕಡಿಮೆ ಆಗುತ್ತದೆ.

ಇನ್ನು ಜಾಹೀರಾತಿನ ಉಳಿದ ಮಾತುಗಳು. ಸಮಯಕ್ಕೆ ಸೀಸಿಯಂನಿಂದ ಇಳಿದು ಬರುವ ಒಂದು ಸರಪಳಿ ಇದೆ ಎಂದೆ. ನಿಮ್ಮ ಮೈ ಇವತ್ತು ಎಷ್ಟು ಕ್ಯಾಲೊರಿ ಸುಟ್ಟಿತು ಎಂಬುದಕ್ಕೆ ಅಂಥ ಸರಪಳಿ ಇದೆಯೇ? ಇಲ್ಲ. ನಿಜವಾಗಿ ಅಳೆಯಬೇಕಾದರೆ ಉಸಿರಿನ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಎರಡನ್ನೂ ಮುಖವಾಡ ಕಟ್ಟಿ ಅಳೆಯಬೇಕು. ವಾಚು ಕೈಯ ಚಲನೆ, ನಾಡಿಬಡಿತ, ನೀವು ತುಂಬಿಸಿದ ವಯಸ್ಸು ಮತ್ತು ತೂಕ ಇವನ್ನಿಟ್ಟುಕೊಂಡು ಒಂದು ಸೂತ್ರದಿಂದ ಊಹಿಸುತ್ತದೆ. 2017ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು 60 ಜನರ ಕೈಗೆ ಏಳು ಬಗೆಯ ಸಾಧನಗಳನ್ನು ಕಟ್ಟಿ ನೋಡಿದರು. ಏಳರಲ್ಲಿ ಆರು ನಾಡಿಬಡಿತವನ್ನು ಶೇಕಡಾ 5ರ ತಪ್ಪಿನೊಳಗೆ ಹೇಳಿದವು. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಹೇಳಿದ ಸಾಧನವೂ ಸರಾಸರಿ ಶೇಕಡಾ 27 ತಪ್ಪಿತ್ತು, ಕೊನೆಯದು ಶೇಕಡಾ 93. ಸಾಧನಗಳು ಆಮೇಲೆ ಸುಧಾರಿಸಿರಬಹುದು, ಆದರೆ ತಿದ್ದುವವರಿಲ್ಲ ಎಂಬ ಮೂಲ ಕೊರತೆ ಹಾಗೇ ಇದೆ. ಅದೇ ಪರದೆಯ ಮೇಲೆ ಸಮಯವನ್ನು ಸೆಕೆಂಡಿನವರೆಗೆ, ಕ್ಯಾಲೊರಿಯನ್ನು ಕೊನೆಯ ಒಂದಂಕಿಯವರೆಗೆ ಒಂದೇ ಗಾತ್ರದ ಅಕ್ಷರದಲ್ಲಿ ತೋರಿಸುತ್ತಾರೆ. ನೋಡುವವರು ಎರಡನ್ನೂ ಒಂದೇ ತೂಕದಲ್ಲಿ ನಂಬುತ್ತಾರೆ. ಆ ಅಂಕಿ ನೋಡಿ ಊಟ ಬಿಡುವವರಿದ್ದಾರೆ. ನನ್ನನ್ನು ಕಾಡುವುದು ಇದು.

ನಾಡಿಬಡಿತ ಇವೆರಡರ ನಡುವೆ ಬರುತ್ತದೆ. ವಾಚಿನ ಹಿಂಬದಿಯ ಹಸಿರು ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ; ಪ್ರತಿ ಬಡಿತಕ್ಕೂ ರಕ್ತ ಹೆಚ್ಚಿ ತಗ್ಗಿದಂತೆ ವಾಪಸು ಬರುವ ಬೆಳಕೂ ತಗ್ಗಿ ಹೆಚ್ಚುತ್ತದೆ. ಇಲ್ಲಿ ಎಣಿಸಲು ನಿಜವಾದ ಒಂದು ಸಂಕೇತವಿದೆ, ಆದ್ದರಿಂದ ಸುಮ್ಮನೆ ಕೂತಾಗ ಲೆಕ್ಕ ಚೆನ್ನಾಗಿಯೇ ಬರುತ್ತದೆ. ಕೈ ಜೋರಾಗಿ ಅಲ್ಲಾಡಿದಾಗ, ಪಟ್ಟಿ ಸಡಿಲವಿದ್ದಾಗ ಕೆಡುತ್ತದೆ. ಹೃದಯದ ಲಯ ತಪ್ಪುವುದನ್ನು ಪತ್ತೆಹಚ್ಚುವ ವಿಷಯದಲ್ಲಂತೂ ಶ್ಲಾಘಿಸಬೇಕಾದ ಕೆಲಸ ನಡೆದಿದೆ. ಆಪಲ್ ವಾಚ್ ಧರಿಸಿದ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಮೇಲಿನ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅವರಲ್ಲಿ ಎಚ್ಚರಿಕೆಯ ಸೂಚನೆ ಬಂದದ್ದು ಸುಮಾರು ಶೇಕಡಾ ಅರ್ಧದಷ್ಟು ಜನರಿಗೆ. ಆಮೇಲೆ ಎದೆಗೆ ಅಂಟಿಸುವ ಇಸಿಜಿ ಪಟ್ಟಿ ಧರಿಸಿ ಪರೀಕ್ಷಿಸಿಕೊಂಡವರ ಪೈಕಿ ಶೇಕಡಾ 34 ಜನರಲ್ಲಿ ಹೃತ್ಕರ್ಣದ ಕಂಪನ ಎಂಬ ತೊಂದರೆ ಕಂಡುಬಂತು. ಈ ತೊಂದರೆ ಬಂದು ಹೋಗುವ ಸ್ವಭಾವದ್ದು, ಆದ್ದರಿಂದ ಉಳಿದವರ ಸೂಚನೆಯೆಲ್ಲ ಸುಳ್ಳೆಂದು ಅರ್ಥವಲ್ಲ. ಇಲ್ಲಿ ಕಂಪನಿ ಮಾತನ್ನು ಪರೀಕ್ಷೆಗೆ ಒಡ್ಡಿತು. ಅದೇ ವಾಚಿನ ಇಸಿಜಿ ಹೃದಯಾಘಾತವನ್ನು ಕಂಡುಹಿಡಿಯಲಾರದು ಎಂದು ಕಂಪನಿಯೇ ಬರೆದಿದೆ. ಎದೆನೋವು ಬಂದಾಗ ವಾಚು ನೋಡಿಕೊಂಡು ಕೂರಬೇಡಿ, ಆಸ್ಪತ್ರೆಗೆ ಹೋಗಿ.

ನಿದ್ದೆಯ ವಿಚಾರ ಕ್ಯಾಲೊರಿಯ ಹತ್ತಿರಕ್ಕೇ ಬರುತ್ತದೆ. ಗಾಢ ನಿದ್ದೆ, ಕನಸಿನ ನಿದ್ದೆ ಎಂಬ ವಿಂಗಡಣೆಯನ್ನು ಪ್ರಯೋಗಾಲಯದಲ್ಲಿ ಮೆದುಳಿನ ಅಲೆಗಳಿಂದ ಮಾಡುತ್ತಾರೆ. ಮಣಿಕಟ್ಟಿಗೆ ಮೆದುಳಿನ ಅಲೆ ಸಿಗುವುದಿಲ್ಲ. ಎಷ್ಟು ಹೊತ್ತಿಗೆ ಮಲಗಿದಿರಿ, ಎಷ್ಟು ಹೊತ್ತಿಗೆ ಎದ್ದಿರಿ ಎನ್ನುವುದನ್ನು ಒಪ್ಪಬಹುದು. ಒಳಗಿನ ಹಂತಗಳ ಬಣ್ಣದ ಪಟ್ಟಿ ಅಂದಾಜು.

ನನಗೆ ಸಿಟ್ಟು ಬರುವುದು ರಕ್ತದ ಸಕ್ಕರೆಯ ಜಾಹೀರಾತುಗಳ ಬಗ್ಗೆ. ಚರ್ಮ ಚುಚ್ಚದೆ ಸಕ್ಕರೆ ಅಳೆಯುವ ವಾಚು, ಉಂಗುರ ಎಂದು ಮಾರುವವರಿದ್ದಾರೆ. ಅಂಥ ಯಾವುದೇ ಸಾಧನಕ್ಕೆ ತಾನು ಒಪ್ಪಿಗೆ ಕೊಟ್ಟಿಲ್ಲ, ಬಳಸಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರವರಿಯಲ್ಲಿ ಎಚ್ಚರಿಕೆ ಹೊರಡಿಸಿತು. ತಪ್ಪು ಅಂಕಿ ನಂಬಿ ಇನ್ಸುಲಿನ್ ಪ್ರಮಾಣ ಹೆಚ್ಚಿಸಿಕೊಂಡರೆ ಪ್ರಾಣಕ್ಕೇ ಕುತ್ತು. ಚರ್ಮದ ಕೆಳಗೆ ಸಣ್ಣ ತಂತಿ ಇಳಿಸಿ ಅಳೆಯುವ ಸಂವೇದಕಗಳು ಬೇರೆ; ಅವುಗಳಿಂದ ಬಂದ ಅಂಕಿಯನ್ನು ವಾಚಿನ ಪರದೆ ತೋರಿಸಿದರೆ ತಪ್ಪಿಲ್ಲ. ವಾಚೇ ಅಳೆಯುತ್ತದೆ ಎಂದವರನ್ನು ಮಾತ್ರ ನಂಬಬೇಡಿ.

ಬ್ಯಾಟರಿ ಮತ್ತು ನೀರಿನ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. ಆ ಮಾತುಗಳು ಸಾಮಾನ್ಯವಾಗಿ ಸುಳ್ಳಲ್ಲ, ಕೆಳಗಿನ ಸಣ್ಣ ಅಕ್ಷರದಲ್ಲಿರುವ ಷರತ್ತುಗಳ ಜೊತೆಗೆ ನಿಜ. ಮೊದಲ ಆಪಲ್ ವಾಚಿನ ‘ದಿನವಿಡೀ’ ಎಂದರೆ 18 ಗಂಟೆ, ಅದೂ ಇಷ್ಟು ಸಲ ಸಮಯ ನೋಡಿ, ಇಷ್ಟು ಸೂಚನೆ ಬಂದು, ಇಷ್ಟು ನಿಮಿಷ ವ್ಯಾಯಾಮ ಮಾಡಿದರೆ ಎಂಬ ಲೆಕ್ಕದಲ್ಲಿ. 50 ಮೀಟರ್ ನೀರು ತಡೆಯುತ್ತದೆ ಎಂದರೆ ಪ್ರಯೋಗಾಲಯದಲ್ಲಿ ಅಲುಗಾಡದ ನೀರಿನಲ್ಲಿ ಆ ಆಳದ ಒತ್ತಡ ಕೊಟ್ಟು ನೋಡಿದ್ದಾರೆ ಎಂದು. ಅಷ್ಟು ಆಳಕ್ಕೆ ಧುಮುಕಬಹುದು ಎಂದಲ್ಲ. ಮುಳುಗುಗಾರರ ವಾಚಿಗೆ ಬೇರೆಯೇ ಮಾನಕವಿದೆ. ನೀರು ತಡೆಯುವ ರಬ್ಬರ್ ಸುತ್ತುಗಳು ವರ್ಷ ಕಳೆದಂತೆ ಸವೆಯುತ್ತವೆ, ಸೋಪು ಅವನ್ನು ಬೇಗ ಕೆಡಿಸುತ್ತದೆ.

ಜಾಹೀರಾತು ಏನೂ ಹೇಳದೆ ಬಿಡುವ ಸಂಗತಿ ಒಂದಿದೆ: ಈ ವಾಚು ಎಷ್ಟು ವರ್ಷ ಬಾಳುತ್ತದೆ ಎನ್ನುವುದು. 2015ರಲ್ಲಿ ಮೊದಲ ಆಪಲ್ ವಾಚಿನ 18 ಕ್ಯಾರೆಟ್ ಚಿನ್ನದ ಮಾದರಿಯೂ ಬಂದಿತ್ತು. 2018ರಲ್ಲಿ ಬಂದ ಹೊಸ ಸಾಫ್ಟ್‌ವೇರ್ ಆ ಮೊದಲ ಪೀಳಿಗೆಗೆ ಸಿಗಲಿಲ್ಲ. ಕವಚ ನೂರಾರು ವರ್ಷ ಬಾಳುವಂಥದ್ದು, ಒಳಗಿನ ಬುದ್ಧಿಗೆ ಮೂರೇ ವರ್ಷ. 2012ರಲ್ಲಿ ಸಾವಿರಾರು ಜನ ಮುಂಗಡ ಹಣ ಕೊಟ್ಟು ಹುಟ್ಟುಹಾಕಿದ ಪೆಬಲ್ ವಾಚಿನ ಕಂಪನಿ 2016ರ ಡಿಸೆಂಬರ್‌ನಲ್ಲಿ ಮುಚ್ಚಿತು. 2018ರ ಜೂನ್‌ನಲ್ಲಿ ಅದರ ಸರ್ವರ್‌ಗಳೂ ನಿಂತವು. ಆಮೇಲೆ ಆ ವಾಚುಗಳನ್ನು ಜೀವಂತ ಇಟ್ಟದ್ದು ರೆಬಲ್ ಎಂದು ಹೆಸರಿಟ್ಟುಕೊಂಡ ಬಳಕೆದಾರರ ಗುಂಪು. ಕೇಳಿ ತಿಳಿಯುವ ವಾಚನ್ನು ಕೊಳ್ಳುವಾಗ, ಉತ್ತರ ಕೊಡುವವರು ಎಷ್ಟು ಕಾಲ ಇರುತ್ತಾರೆ ಎಂದು ವಿಚಾರಿಸುವ ಹಕ್ಕು ಕೊಳ್ಳುವವರಿಗಿದೆ. ಬೆಂಬಲ ಕೊಡುವ ಕೊನೆಯ ವರ್ಷವನ್ನು ಪೆಟ್ಟಿಗೆಯ ಮೇಲೆ ಬರೆಯುವುದು ಕಡ್ಡಾಯವಾಗಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ.

ಮಾತು ಮುಗಿದ ಮೇಲೆ ಸಭಿಕರೊಬ್ಬರು ಕೇಳಿದರು: ‘ನಮ್ಮ ವಾಚನ್ನು ನಾವೇ ಪರೀಕ್ಷಿಸುವುದು ಹೇಗೆ?’ ಅದಕ್ಕೆ ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಯಾವುದಾದರೂ ದೇಶದ ಅಧಿಕೃತ ಸಮಯ ಪ್ರಯೋಗಾಲಯದ ಜಾಲತಾಣವನ್ನು ಕಂಪ್ಯೂಟರಿನಲ್ಲಿ ತೆರೆಯಿರಿ. ಸೆಕೆಂಡು ಕಾಣುವ ಮುಖಬಿಲ್ಲೆಯನ್ನು ವಾಚಿನಲ್ಲಿ ಆರಿಸಿ, ಎರಡು ಪರದೆಯೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಫೋನಿನಲ್ಲಿ ವಿಡಿಯೊ ತೆಗೆಯಿರಿ. ಕಣ್ಣಿನಿಂದ ನೋಡಿ ತೀರ್ಮಾನಿಸಬೇಡಿ, ಕಣ್ಣಿಗೆ ಅಷ್ಟು ಚುರುಕಿಲ್ಲ. ಸೆಕೆಂಡಿಗೆ 60 ಚಿತ್ರ ತೆಗೆಯುವ ವಿಡಿಯೊದಲ್ಲಿ ಒಂದೊಂದು ಚಿತ್ರದ ಅವಧಿ ಸುಮಾರು 17 ಮಿಲಿಸೆಕೆಂಡು. ಒಂದರ ಅಂಕಿ ಬದಲಾದ ಎಷ್ಟು ಚಿತ್ರಗಳ ನಂತರ ಇನ್ನೊಂದರದು ಬದಲಾಯಿತು ಎಂದು ಎಣಿಸಿದರೆ ವ್ಯತ್ಯಾಸ ಸಿಗುತ್ತದೆ. ಆಮೇಲೆ ವಾಚನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬ್ಲೂಟೂತ್, ವೈಫೈ ಎರಡೂ ಆಫ್ ಆಗಿವೆಯೇ ಎಂದು ಖಚಿತ ಮಾಡಿಕೊಂಡು, ಎರಡು ವಾರ ಎಂದಿನಂತೆ ಕಟ್ಟಿಕೊಳ್ಳಿ. ಚಾರ್ಜ್ ಪೂರ್ತಿ ಇಳಿಯಲು ಬಿಡಬೇಡಿ. ಹದಿನಾಲ್ಕನೇ ದಿನ ಮತ್ತೆ ವಿಡಿಯೊ ತೆಗೆದು ಎರಡರ ವ್ಯತ್ಯಾಸವನ್ನು 14ರಿಂದ ಭಾಗಿಸಿ. ಹತ್ತು ಸೆಕೆಂಡು ತಪ್ಪಿದ್ದರೆ ಹರಳು ಹತ್ತು ಲಕ್ಷಕ್ಕೆ ಸುಮಾರು 8 ಪಾಲು ತಪ್ಪುತ್ತಿದೆ ಎಂದರ್ಥ, ಅದು ಕೆಟ್ಟ ಹರಳಲ್ಲ. ಇನ್ನೆರಡು ವಾರ ವಾಚನ್ನು ಕೈಗೆ ಕಟ್ಟದೆ ಮೇಜಿನ ಮೇಲೆಯೇ ಇಟ್ಟು ಇದೇ ಲೆಕ್ಕ ಮಾಡಿದರೆ ಮೈಯ ಶಾಖದ ಪಾಲೆಷ್ಟು ಎಂಬುದೂ ತಿಳಿಯುತ್ತದೆ. ಈ ದಿನಗಳಲ್ಲಿ ಜಿಪಿಎಸ್ ಬಳಸುವ ಓಟ, ನಡಿಗೆಯ ದಾಖಲೆ ಶುರು ಮಾಡಬೇಡಿ. ಉಪಗ್ರಹ ಸಿಕ್ಕ ಕೂಡಲೇ ಕೆಲವು ವಾಚುಗಳು ಸಮಯವನ್ನು ತಿದ್ದಿಕೊಂಡುಬಿಡುತ್ತವೆ. ಹಾಗಾದರೆ ಮೊದಲ ವಿಡಿಯೊದಿಂದ ಮತ್ತೆ ಶುರು ಮಾಡಬೇಕಾಗುತ್ತದೆ.